ಹಳದಿ ನಿಷಿದ್ಧವಾದ ಮನೆ

ವೆಂಡೆಲ್ ಕ್ರುಪ್ಕಾನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಈ ಸಲ ಮಾತ್ರ ಕಾರಣವೂ ದೊಡ್ಡದೇ ಇತ್ತು. ಇಪ್ಪತ್ತಾರು ವರ್ಷ ಶಾಲಾ ಬಸ್ಸುಗಳ ಅಡಿಯಲ್ಲಿ ಅಂಗಾತ ಮಲಗಿ, ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಅವನು ತೆರಿಗೆ ಕಟ್ಟಿದ್ದ ಸ್ವಂತ ರಾಜ್ಯವೇ, ಅವನ ಮಗಳು ಟೆಸ್ಸಾ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಬೇಕಾದರೆ ವರ್ಷಕ್ಕೆ ಮೂವತ್ತಾರು ಸಾವಿರ ಡಾಲರ್ ಕಟ್ಟಬೇಕೆಂದು ಕಾಗದ ಕಳಿಸಿತ್ತು. ಹೊಟ್ಟೆಬಟ್ಟೆ ಕಟ್ಟಿದರೂ ಮನೆಯವರಿಗೆ ಹೊಂದಿಸಲು ಸಾಧ್ಯವಿದ್ದದ್ದು ಹದಿನೆಂಟು ಸಾವಿರ. ಹುಡುಗಿಗೆ ದನದ ಡಾಕ್ಟರಾಗುವ ಆಸೆ. ಅದಕ್ಕೆ ತಕ್ಕ ಅಂಕಗಳೂ ಇದ್ದವು.

"ಇದು ಫೀಸಲ್ಲ ಕಣೇ, ಹಗಲುದರೋಡೆ!" ಎಂದು ವೆಂಡೆಲ್ ಅಡುಗೆಮನೆಯಲ್ಲಿ ಕೂಗಾಡಿದ. "ಇವರ ಫುಟ್‌ಬಾಲ್ ಟೀಮಿಗೆ ಜೈ ಅಂತ ಹೊಟ್ಟೆಗೆ ಅದರ ಕೆಂಪು ಬಣ್ಣ ಬಳ್ಕೊಂಡು ಹಿಮದಲ್ಲಿ ನಿಂತಿದೀನಿ. ಅದಕ್ಕೇನೂ ರಿಯಾಯಿತಿ ಇಲ್ವಂತಾ?"

"ನೋಡ್ದೆ," ಎಂದಳು ಹೆಂಡತಿ ಲೊರೇನ್. "ಹೊಟ್ಟೆಗೆ ಬಣ್ಣ ಬಳ್ಕೊಂಡೋರ ಮಕ್ಕಳಿಗೆ ಅಂತ ಅರ್ಜಿಯಲ್ಲಿ ಜಾಗಾನೇ ಬಿಟ್ಟಿಲ್ಲ."

ಆ ರಾತ್ರಿಯೇ ವೆಂಡೆಲನಿಗೆ ಜ್ಞಾನೋದಯವಾಯಿತು. ಸ್ವಂತ ರಾಜ್ಯ ಕೈಬಿಟ್ಟರೇನಂತೆ? ಬೇರೆ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಒಳ್ಳೆಯ ಅಂಕದ ಮಕ್ಕಳನ್ನು ಸ್ಕಾಲರ್‌ಶಿಪ್ ಕೊಟ್ಟು ಕರೆಯುತ್ತವಲ್ಲ! ಊಟದ ಮೇಜಿನ ಮೇಲೆ ಇಪ್ಪತ್ತೆರಡು ಹೆಸರುಗಳ ಮಹಾಪಟ್ಟಿ ಸಿದ್ಧವಾಯಿತು. (ಅಂದಿನಿಂದ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು.) ಟೆಸ್ಸಾ ಮೆಲ್ಲಗೆ ಸಮುದ್ರದಂಚಿನ ಒಂದು ದುಬಾರಿ ಹೆಸರಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಈಜುಕೊಳ ಇದೆ ಅಪ್ಪಾ."

"ದನಕ್ಕೆ ಈಜು ಕಲಿಸ್ತೀಯಾ?"

ಇಂಥ ಚಪಲಗಳಿಗೆ ಕಡಿವಾಣ ಹಾಕಲೆಂದು ವೆಂಡೆಲ್ ಒಂದು ಶಾಸನ ಬರೆದ: 'ಎಲ್ಲಿ ಕಡಿಮೆಯೋ ಅಲ್ಲಿಗೇ. ಮನಸ್ಸಿಗೆ ಹಿಡಿಸಿತು, ಹಿಡಿಸಲಿಲ್ಲ ಎಂಬ ಮಾತು ನಡೆಯತಕ್ಕದ್ದಲ್ಲ. ತಕರಾರು ತೆಗೆದವರು ಒಂದು ವರ್ಷ ಪಾತ್ರೆ ತೊಳೆಯತಕ್ಕದ್ದು.' ಮೂವರೂ ಸಹಿ ಹಾಕಿದರು. ಶಾಸನವು ಫ್ರಿಜ್ಜಿನ ಬಾಗಿಲೇರಿತು.

ಪಟ್ಟಿಯಿಂದ ಹೊರಗುಳಿದದ್ದು ಒಂದೇ ಒಂದು ಜಾಗ: ಆಚೆಕಡೆ. ಮಿಸಿಸಿಪ್ಪಿ ನದಿಯ ಆಚೆ ದಡದ ರಾಜ್ಯಕ್ಕೂ ಅದರ ವಿಶ್ವವಿದ್ಯಾಲಯಕ್ಕೂ ಹೆಸರುಗಳಿದ್ದವು. ಆದರೆ ಈ ಮನೆಯಲ್ಲಿ ಅವನ್ನು ಎತ್ತುವಂತಿರಲಿಲ್ಲ. ಅಲ್ಲಿನ ಫುಟ್‌ಬಾಲ್ ಟೀಮು ಪ್ರತಿ ನವೆಂಬರಿನಲ್ಲೂ ಬಂದು ವೆಂಡೆಲನ ಟೀಮಿನ ಮಾನ ಕಳೆದು ಹೋಗುತ್ತಿತ್ತು. ಅವರದು ಹಳದಿ ಬಣ್ಣ. ಆದ್ದರಿಂದ ಕ್ರುಪ್ಕಾ ಮನೆಯಲ್ಲಿ ಹಳದಿ ಪರದೆಯಿಲ್ಲ, ಹಳದಿ ಅಂಗಿಯಿಲ್ಲ, ಸಾಸೇಜಿನ ಮೇಲೆ ಹಿಂಡಲು ಸಾಸಿವೆ ಸಾಸು ಕೂಡ ಇಲ್ಲ. ಲೊರೇನ್ ಹುಟ್ಟಿದ್ದು ಆಚೆಕಡೆಯೇ, ನಾಲ್ಕು ವರ್ಷ ಓದಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಅದನ್ನು ಬಾಯಿಬಿಡಬಾರದೆಂಬುದು ಮದುವೆಯ ಕರಾರು. (ಆಗ ವೆಂಡೆಲ್ ತೆಳ್ಳಗಿದ್ದ, ನೋಡಲೂ ಚೆನ್ನಾಗಿದ್ದ, ಅವಳು ಒಪ್ಪಿದಳು.)

ಚಳಿಗಾಲವಿಡೀ ವೆಂಡೆಲ್ ಫೋನಿನಲ್ಲಿ ಜಗಳವಾಡಿದ. ದಕ್ಷಿಣದ ಒಂದು ಕಡೆ ಪ್ರವೇಶ ಪರೀಕ್ಷೆಯಲ್ಲಿ ಮೂವತ್ತಾರಕ್ಕೆ ಮೂವತ್ತು ಬಂದರೆ ಕಾಲುಭಾಗ ಮಾಫಿ, ಮೂವತ್ತೊಂದು ಬಂದರೆ ಅರ್ಧ. ಟೆಸ್ಸಾ ಮೂರು ಸಲ ಬರೆದಳು. ಮೂರು ಸಲವೂ ಮೂವತ್ತೇ.

"ಒಂದು ಅಂಕಕ್ಕೆ ಆರು ಸಾವಿರಾನಾ?" ಎಂದು ಅವನು ಯಾರೋ ಪಾಪದ ಗುಮಾಸ್ತೆಯ ಮೇಲೆ ಹರಿಹಾಯ್ದ. "ನಿಮ್ಮ ಬಸ್ಸುಗಳನ್ನೆಲ್ಲ ಬಿಟ್ಟಿ ರಿಪೇರಿ ಮಾಡ್ಕೊಡ್ತೀನಿ. ಆ ಒಂದು ಅಂಕ ಕೊಟ್ಬಿಡಿ ತಾಯಿ!"

ಏಪ್ರಿಲ್ ಕೊನೆಯ ಭಾನುವಾರ ಬಂತು. ಒಪ್ಪಿಗೆ ತಿಳಿಸಲು ಮರುದಿನವೇ ಗಡುವು. ಇಪ್ಪತ್ತೆರಡರಲ್ಲಿ ಅತಿ ಅಗ್ಗದ್ದು ಹತ್ತೊಂಬತ್ತೂವರೆ ಸಾವಿರ, ಸಾವಿರದ ಇನ್ನೂರು ಮೈಲಿ ದೂರ. "ಹಾಗಾದ್ರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೂ ಬರಕ್ಕಾಗಲ್ಲ," ಎಂದು ಟೆಸ್ಸಾ ತಟ್ಟೆ ನೋಡುತ್ತ ಹೇಳಿದಳು. ವೆಂಡೆಲ್ ಮೇಜು ಗುದ್ದಿದ.

ಆಗ ಲೊರೇನ್ ಪಟ್ಟಿಯ ಮೇಲೆ ಒಂದು ಲಕೋಟೆ ಇಟ್ಟಳು. ಹಳದಿ ಲಕೋಟೆ.

"ಏನಿದು ಬಣ್ಣ?"

"ಬಣ್ಣ ಆಮೇಲೆ ನೋಡು. ಒಳಗೆ ಓದು."

ಹದಿನೈದು ಸಾವಿರದ ನಾನೂರು.

"ಅಲ್ಲಿ ಓದಿದವರ ಮಕ್ಕಳಿಗೆ ಹೊರರಾಜ್ಯದವರ ದುಬಾರಿ ಫೀಸಿಲ್ಲ, ಅಲ್ಲಿಯವರ ಫೀಸೇ," ಎಂದಳು ಲೊರೇನ್. "ಮೇಲೆ ಅವಳ ಅಂಕಕ್ಕೆ ಸ್ಕಾಲರ್‌ಶಿಪ್. ಅಕ್ಟೋಬರಲ್ಲೇ ಅರ್ಜಿ ಹಾಕ್ಸಿದ್ದೆ. ನನ್ನ ಸರ್ಟಿಫಿಕೇಟು ಗ್ಯಾರೇಜಲ್ಲಿ ಸಿಕ್ತು, ಹಿಮ ಎತ್ತೋ ಸಲಿಕೆ ಹಿಂದೆ."

"ಆಚೆಕಡೆಗಾ? ನನ್ನ ಮಗಳಾ? ಊರಲ್ಲಿ ಹೇಗೆ ತಲೆ ಎತ್ಕೊಂಡು ತಿರುಗ್ಲಿ ನಾನು? ಆಗಲ್ಲ ಅಂದ್ರೆ ಆಗಲ್ಲ!"

ಲೊರೇನ್ ಎದ್ದು ನಿಂತಳು. ಈ ಮನೆಯಲ್ಲಿ ಸಿಟ್ಟು ಒಬ್ಬನ ಸ್ವತ್ತಲ್ಲವೆಂದು ವೆಂಡೆಲನಿಗೆ ಅಂದು ಗೊತ್ತಾಯಿತು. "ಹತ್ತೊಂಬತ್ತು ವರ್ಷ ನಾನು ಓದಿದ ಜಾಗದ ಹೆಸರು ಎತ್ತದೆ ಬಾಯಿ ಮುಚ್ಕೊಂಡಿದೀನಿ. ನಿನ್ನ ಕೆಂಪು ಟೀಮು ಈ ಹುಡುಗಿಗೆ ಒಂದು ಕಾಸು ಬಿಚ್ಚಿದ್ಯಾ? ನಿನ್ನ ಹೊಟ್ಟೆ ಬಣ್ಣ ತೊಳೆದು ತೊಳೆದು ನನ್ನ ಟವೆಲ್ಲುಗಳೆಲ್ಲ ಹಾಳಾಗಿದ್ದೇ ಬಂತು!"

ಟೆಸ್ಸಾ ಫ್ರಿಜ್ಜಿನ ಹತ್ತಿರ ಹೋಗಿ ಶಾಸನವನ್ನು ಗಟ್ಟಿಯಾಗಿ ಓದಿದಳು, ಕೆಳಗಿದ್ದ ಅಪ್ಪನ ಸಹಿಯ ಸಮೇತ.

"ತಕರಾರು ತೆಗೆದಿದ್ದು ನೀನು ಅಪ್ಪಾ. ಪಾತ್ರೆ ಸಿಂಕಲ್ಲಿದೆ."

ವೆಂಡೆಲ್ ಲಕೋಟೆಯ ಕಾಗದವನ್ನು ಇನ್ನೊಮ್ಮೆ ಓದಿದ. "ದನದ ಡಾಕ್ಟರಿಕೆ ಇದ್ಯಾ ಅಲ್ಲಿ?" ಎಂದು ಕೊನೆಗೆ ಕೇಳಿದ.

"ಇದೆ. ಸೇತುವೆ ದಾಟಿದ್ರೆ ಒಂದೇ ಗಂಟೆ. ಭಾನುವಾರದ ಊಟಕ್ಕೆ ಬಂದುಬಿಡ್ತೀನಿ."

ಅವನು ಒಣ ಸಾಸೇಜನ್ನು ಕಚ್ಚಿ, ನುಂಗಲಾರದೆ ನುಂಗಿ, ರಾಜ್ಯವನ್ನೇ ದಾನ ಮಾಡುವವನ ಗತ್ತಿನಲ್ಲಿ ಹೇಳಿದ: "ಹಾಳಾಗಿ ಹೋಗ್ಲಿ. ನಾಳೆ ಅಂಗಡಿಯಿಂದ ಒಂದು ಬಾಟ್ಲಿ ಸಾಸಿವೆ ಸಾಸು ತರ್ತೀನಿ."

"ನಾಳೆ ಯಾಕೆ?" ಎಂದು ಲೊರೇನ್ ಫ್ರಿಜ್ಜಿನಲ್ಲಿ ಕೋಸುಗಡ್ಡೆಯ ಹಿಂದೆ ಕೈಹಾಕಿ ಬಾಟಲಿ ತೆಗೆದಳು. ಅದು ಮುಕ್ಕಾಲು ಖಾಲಿಯಾಗಿತ್ತು.

"ಇದು ಯಾವಾಗಿಂದ ಇದೆ?"

"ಮದುವೆಯಾದ ವಾರದಿಂದ. ಇದು ಎಷ್ಟನೇ ಬಾಟ್ಲಿಯೋ, ಲೆಕ್ಕ ಇಟ್ಟಿಲ್ಲ."

ವೆಂಡೆಲ್ ಮಗಳ ಮುಖ ನೋಡಿದ. ಮಗಳು ಸೂರು ನೋಡಿದಳು. ಅವನು ಎದ್ದು, ಅಂಗಿಯ ತೋಳು ಮಡಚಿ, ಸಿಂಕಿನ ಮುಂದೆ ನಿಂತ. ಮೇಲಿದ್ದ ಮೊದಲ ತಟ್ಟೆಯ ಅಂಚಿನಲ್ಲೇ ಒಣಗಿದ ಹಳದಿ ಕಲೆಯಿತ್ತು, ಮತ್ತು ಅದು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.