ದುಬೈ ಮಳಿಗೆಯಲ್ಲಿ ಕೈ ಮುಗಿದು ನಿಂತಿರುವ ನನ್ನ ಕಟೌಟಿಗೆ

ಮಾನ್ಯ ಶ್ರೀಮತಿ ಕಟೌಟ್ ಶಶಿಪ್ರಭಾ ಅವರೇ,

ವೇಣೂರಿನ ಬಸದಿಗೆ ದಿನಾ ಹೋಗಿಬರುವ, ಏಳನೆಯ ತರಗತಿಯವರೆಗೆ ಓದಿದ, ಮಂಡಿನೋವಿನ ಶಶಿಪ್ರಭಾ ಎಂಬ ಹೆಂಗಸಿನ ಸವಿನಯ ನಮಸ್ಕಾರಗಳನ್ನು ತಾವು ಸ್ವೀಕರಿಸಬೇಕು. ನಮಸ್ಕಾರವನ್ನು ಬರೆದೇ ಮಾಡುತ್ತಿದ್ದೇನೆ, ಕೈ ಮುಗಿದಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ತಾವು ಸೀರೆಯ ನೆರಿಗೆ ಕೆಡದೆ, ಸೊಂಟ ಹಿಡಿಯದೆ, ಆರಡಿ ಎತ್ತರದಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಐದಡಿಯಲ್ಲೇ ಇದ್ದೇನೆ. ತಮಗೆ ಓದಲು ಬರುತ್ತದೋ ಇಲ್ಲವೋ ಗೊತ್ತಿಲ್ಲದ್ದರಿಂದ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಯಾರಾದರೂ ಪುಣ್ಯಾತ್ಮರು ಓದಿ ಹೇಳಲಿ.

ತಮ್ಮ ಜನನದ ವೃತ್ತಾಂತ ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಹೋದ ವರ್ಷ ಪ್ರವಾಸ ಪ್ರಚಾರದವರ ಕಡೆಯಿಂದ ಒಬ್ಬರು ಫೋಟೋ ತೆಗೆಯುವವರು ನಮ್ಮೂರಿಗೆ ಬಂದು, "ಅಮ್ಮಾ, ಸ್ವಲ್ಪ ನಗ್ತಾ ನಮಸ್ಕಾರ ಮಾಡಿ, ಫಾರಿನ್‌ನವರಿಗೆ ತೋರಿಸ್ಲಿಕ್ಕೆ" ಎಂದರು. ಜಿನೇಶ್ವರನಿಗೆ ಮತ್ತು ಮುನಿಗಳಿಗೆ ಮಾತ್ರ ಕೈ ಮುಗಿಯುತ್ತೇನೆ ಎಂಬುದು ನಾನು ಮದುವೆಗೆ ಮೊದಲೇ ತೆಗೆದುಕೊಂಡ ನಿಯಮ. "ನಿಮ್ಮ ಕ್ಯಾಮೆರಾ ಅಂಥ ಎಂತ ತಪಸ್ಸು ಮಾಡಿದೆ?" ಎಂದು ಕೇಳಿದೆ. ಅವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಆಚೆ ಹೋದರು. ನಾನು ಎಂದಿನಂತೆ ನಮ್ಮೂರಿನ ಎತ್ತರದ ಬಾಹುಬಲಿ ಸ್ವಾಮಿಯ ಕಡೆ ತಿರುಗಿ ಕೈ ಮುಗಿದೆ, ಅವರು ಮರದ ಮರೆಯಿಂದ ಕ್ಲಿಕ್ಕಿಸಿದರು. ತಮ್ಮ ಮುಖದಲ್ಲಿರುವ ನಗುವನ್ನು ಭಕ್ತಿಯ ನಗು ಎಂದು ಎಲ್ಲರೂ ಹೊಗಳುತ್ತಾರೆ. ಅಲ್ಲ. ಅದು ಒಬ್ಬ ಫೋಟೋದವನ ಬಾಯಿ ಮುಚ್ಚಿಸಿದ ಹೆಂಗಸಿನ ಜಂಬ. ಚಿತ್ರ ತೋರಿಸಿ ಒಪ್ಪಿಗೆ ಕೇಳಿದಾಗಲಾದರೂ ಬೇಡ ಅನ್ನಬಹುದಿತ್ತು; ಆದರೆ ಅದರಲ್ಲಿ ನನ್ನ ಮೂಗು ಚಂದ ಬಂದಿತ್ತು.

ಆಮೇಲೆ ತಮ್ಮ ಸಮಾಚಾರ ತಂದವರು ಪಕ್ಕದ ಮನೆಯ ಬೀಯಮ್ಮ. ಅವರ ಮಗ ಶಾಫಿ ದುಬೈಯಲ್ಲಿ ಮೇಳಗಳ ಮಳಿಗೆಗೆ ಕಾರ್ಪೆಟ್ ಹಾಸುವ ಕೆಲಸದಲ್ಲಿದ್ದಾನೆ. ಅಲ್ಲಿನ ಪ್ರವಾಸ ಮೇಳದಲ್ಲಿ ನಮ್ಮ ರಾಜ್ಯದ ಮಳಿಗೆಯ ಬಾಗಿಲಲ್ಲಿ ತಾವು ನಿಂತಿದ್ದ ಚಿತ್ರ ಕಳಿಸಿದ್ದ. ಬೀಯಮ್ಮ ಫೋನು ಹಿಡಿದು ಅಂಗಳದಿಂದಲೇ ಕೂಗಿದರು: "ಏ ಶಶೀ, ಹೇಳದೆ ಕೇಳದೆ ದುಬೈಗೆ ಹೋದದ್ದಾ? ಪಾಸ್‌ಪೋರ್ಟ್ ಯಾವಾಗ ಮಾಡಿಸಿದ್ದು ಮಾರಾಯ್ತಿ?" ನೋಡಿದರೆ ತಾವು ಎದುರಿನ ಮಳಿಗೆಯ ಕಾಫಿ ಯಂತ್ರಕ್ಕೆ ಕೈ ಮುಗಿದು ನಿಂತಿದ್ದಿರಿ. ಕಾಫಿ ಕುಡಿಯುವವರು, ಕುಡಿದು ಲೋಟ ಬಿಸಾಡುವವರು, ಎಲ್ಲರಿಗೂ ತಮ್ಮ ನಮಸ್ಕಾರ ಸಮಾನವಾಗಿ ಸಲ್ಲುತ್ತಿತ್ತು. ಇಷ್ಟು ವರ್ಷ ಕಾಪಾಡಿಕೊಂಡ ನಿಯಮವನ್ನು ತಾವು ಒಂದೇ ದಿನದಲ್ಲಿ ಹತ್ತಾರು ದೇಶದವರ ಎದುರು ಮುರಿದ ಚಾತುರ್ಯ ಸಾಮಾನ್ಯದ್ದಲ್ಲ.

ತಮ್ಮನ್ನು ಅಲ್ಲಿ ಮೆಚ್ಚಿಕೊಂಡ ವಿದೇಶೀ ಟೂರ್ ಏಜೆಂಟರ ತಂಡವೊಂದು ಈ ಚಳಿಗಾಲದಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ವೇಣೂರಿಗೆ ಬರುತ್ತದೆ, ನೀವೇ ಸ್ವಾಗತಿಸಬೇಕು ಎಂದು ನನಗೆ ಪ್ರವಾಸ ಇಲಾಖೆಯ ಅಧಿಕಾರಿಗಳ ಫೋನು ಬಂತು. ಊಟ ನಮ್ಮ ಹೆಂಗಸರ ಸಂಘದಲ್ಲಿ. ಮದುವೆಯ ಆರ್ಡರು ಇಲ್ಲದ ತಿಂಗಳಲ್ಲಿ ನಮ್ಮ ಸಂಘದ ಅಡುಗೆಕೋಣೆಗೆ ಬೀಗವೇ ಗತಿ. ಪ್ರವಾಸಿಗರ ಬಸ್ಸುಗಳು ಹಾರ್ನ್ ಹಾಕಿ ನೇರ ಧರ್ಮಸ್ಥಳಕ್ಕೆ ಹೋಗುತ್ತವೆ. ಏಜೆಂಟರು ಮನಸ್ಸು ಮಾಡಿ ಮಧ್ಯಾಹ್ನದ ಊಟ ವೇಣೂರಿನಲ್ಲಿ ಎಂದು ಬರೆದುಕೊಂಡರೆ ನಮ್ಮ ಒಲೆ ಆರುವುದಿಲ್ಲ. ಇದನ್ನು ತಿಳಿದ ನಾನು ಮಾಡಿದ ಮೊದಲ ಕೆಲಸವೆಂದರೆ, ವಿದೇಶದವರ ಎದುರು ಮುದುಕಿಯಂತೆ ಕಾಣಬಾರದೆಂದು ತಲೆಗೆ ಬಣ್ಣ ಹಚ್ಚಿಸಿಕೊಂಡು, ಮಿರಿಮಿರಿ ಮಿಂಚುವ ಹೊಸ ಸೀರೆ ತಂದದ್ದು.

ಬಂದವರು ಬಸ್ಸಿನಿಂದ ಮೊದಲು ಇಳಿಸಿದ್ದು ದುಬೈಯಿಂದ ವಾಪಸು ಬಂದ ತಮ್ಮನ್ನು. ಅವರು ತಮ್ಮನ್ನು ನೋಡಿದರು, ನನ್ನನ್ನು ನೋಡಿದರು, ಅನಂತರ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. "ಆ ಬಿಳಿ ಕೂದಲಿನ ಅಮ್ಮ ಎಲ್ಲಿ ಅಂತ ಕೇಳ್ತಿದ್ದಾರೆ" ಎಂದು ಅಧಿಕಾರಿ ತರ್ಜುಮೆ ಮಾಡಿದರು. ಅಷ್ಟರಲ್ಲಿ ನನ್ನ ನಾದಿನಿ ಕಾಂತಿ, ನೆರೆತ ತಲೆಯವಳು, ಸೌಟು ಹಿಡಿದು ಹೊರಗೆ ಬಂದದ್ದೇ ತಡ, ಕ್ಯಾಮೆರಾಗಳೆಲ್ಲ ಅವಳ ಕಡೆ ತಿರುಗಿದವು. "ಅತ್ತಿಗೇ, ತಲೆಗೆ ಡಾಂಬರು ಹಾಕ್ಬೇಡಿ ಅಂತ ನಾನು ಆವತ್ತೇ ಹೇಳಿದ್ದೆ" ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಏಜೆಂಟರು ತಮ್ಮತಮ್ಮಲ್ಲೇ ಗುಸುಗುಸು ಶುರುಮಾಡಿದರು. ಅಧಿಕಾರಿ ಬೆವರುತ್ತಾ ನನ್ನ ಕಿವಿಯಲ್ಲಿ, "ಒಂದ್ಸಲ ಕೈ ಮುಗಿದುಬಿಡಿ ಅಮ್ಮಾ, ಗುರುತು ಸಿಗ್ತದೆ. ಇಲ್ದಿದ್ರೆ ಯಾರನ್ನೋ ತಂದು ನಿಲ್ಲಿಸಿ ಮೋಸ ಮಾಡ್ತಿದ್ದೇವೆ ಅಂದ್ಕೊಳ್ತಾರೆ" ಎಂದರು.

ಅಡುಗೆಕೋಣೆಯ ಬಾಗಿಲಲ್ಲಿ ಸಂಘದ ಹೆಂಗಸರು ನನ್ನ ಕೈಗಳನ್ನೇ ನೋಡುತ್ತಿದ್ದರು. ಒಳಗೆ ಎಲೆಯಲ್ಲಿ ಸುತ್ತಿದ ಮೂಡೆ ಕಡುಬು ಬೆಂದಿತ್ತು, ಪಾಯಸ ಇಳಿಸಿ ಆಗಿತ್ತು. ಮುಗಿದರೆ ನಿಯಮ ಹೋಯಿತು, ಮುಗಿಯದಿದ್ದರೆ ಊಟ ಹೋಯಿತು. ಆಗ ನನಗೆ ಯಾವ ಬುದ್ಧಿ ಬಂತೋ, "ಅಲ್ಲಿ ಬಿಸಿಲು ಉಂಟು, ಎಲ್ಲರೂ ಈ ಕಡೆ ಬನ್ನಿ" ಎಂದು ಇಲ್ಲದ ನೆವ ಹೇಳಿ ಅಷ್ಟೂ ಜನರನ್ನು ನೆರಳಿನಿಂದ ಹೊರಡಿಸಿ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದೆ. ಅವರ ತಲೆಯ ಮೇಲಿಂದ, ಗೋಡೆಯಾಚೆ, ಬಾಹುಬಲಿ ಸ್ವಾಮಿಯ ಶಿರ ಕಾಣುತ್ತಿತ್ತು. ಸ್ವಾಮಿಯನ್ನೇ ನೋಡಿ ಕೈ ಮುಗಿದೆ. ಏಜೆಂಟರೆಲ್ಲ ಹೋ ಎಂದು ತಮ್ಮನ್ನೂ ನನ್ನನ್ನೂ ತೋರಿಸಿ ಚಪ್ಪಾಳೆ ತಟ್ಟಿದರು, ಅವರೂ ಕೈ ಮುಗಿದರು. ಕನ್ನಡಕ ಹಾಕಿದ್ದ ಒಬ್ಬ ಹೆಂಗಸಂತೂ ಕಣ್ಣೊರೆಸಿಕೊಂಡರು. ಅವರು ಮುಗಿದದ್ದು ನನಗೆ, ನಾನು ಮುಗಿದದ್ದು ಅವರ ಬೆನ್ನ ಹಿಂದಿನವನಿಗೆ. ಊಟ ಗೆದ್ದಿತು. ಈಗ ವಾರಕ್ಕೊಂದು ಬಸ್ಸು ಬರುತ್ತದೆ, ವಾರಕ್ಕೊಂದು ಸಲ ನಾನು ಅತಿಥಿಗಳನ್ನು ನೆರಳಿನಿಂದ ಬಿಸಿಲಿಗೆ ಅಟ್ಟುತ್ತೇನೆ. ನಮ್ಮೂರಿನ ಸತ್ಕಾರದ ಈ ಪದ್ಧತಿ ಬಹಳ ಪುರಾತನವೆಂದು ಅವರು ಬರೆದುಕೊಂಡು ಹೋಗುತ್ತಾರಂತೆ.

ಆದ್ದರಿಂದ ನನ್ನ ದೂರು ಇಷ್ಟೇ. ನಾನು ಕುತ್ತಿಗೆ ತಿರುಗಿಸಿಯಾದರೂ ಬಚಾವಾಗುತ್ತೇನೆ, ಆದರೆ ಇದೀಗ ಮತ್ತೆ ದುಬೈ ಮೇಳಕ್ಕೆ ಹೊರಟಿರುವ ತಾವು ಯಾರಿಗೆ ಕೈ ಮುಗಿಯುತ್ತೀರಿ? ದಯವಿಟ್ಟು ಮಳಿಗೆ ತಲುಪಿದ ಕೂಡಲೇ ದಿಕ್ಕು ವಿಚಾರಿಸಿಕೊಳ್ಳಿ. ಕಾಫಿ ಯಂತ್ರ ಎದುರಾದರೆ ಸ್ವತಃ ಪಕ್ಕಕ್ಕೆ ಸರಿಯಿರಿ. ಮಂತ್ರಿಗಳು ಬಂದರೆ ಕೈಯನ್ನು ಸೆರಗಿನೊಳಗೆ ತೆಗೆದುಕೊಳ್ಳಿ. ಸಾಧ್ಯವಾದರೆ ತಲೆಗೂ ಬಣ್ಣ ಹಚ್ಚಿಸಿಕೊಳ್ಳಿ. ನನ್ನದು ಬಿಳಿಯಾಗುವವರೆಗೆ ಕಾಂತಿಯ ನಾಲಗೆ ಕಾಯುವುದಿಲ್ಲ.

ತಮ್ಮ ವಿಶ್ವಾಸಿಯೂ, ತಮ್ಮ ದೆಸೆಯಿಂದ ತಾನು ತಾನೇ ಎಂದು ಸಾಬೀತು ಮಾಡಬೇಕಾಗಿ ಬಂದವಳೂ ಆದ,
ಶಶಿಪ್ರಭಾ
ವೇಣೂರು

ವಿ.ಸೂ.: ಪತ್ರ ಅಂಚೆಗೆ ಹಾಕುವ ಮೊದಲೇ ಬೀಯಮ್ಮ ನನ್ನ ಸಂಕಟವನ್ನು ಮಗನಿಗೆ ಮುಟ್ಟಿಸಿದ್ದಾರೆ. "ಎಲ್ಲಿದ್ರೂ ಮಕ್ಕಾದ ಕಡೆಗೆ ಕಿಬ್ಲಾ ಹುಡುಕಿ ನಮಾಜು ಮಾಡುವವನಿಗೆ ವೇಣೂರು ಹುಡುಕ್ಲಿಕ್ಕೆ ಎಂತ ಕಷ್ಟ?" ಎಂದರಂತೆ. ಶಾಫಿ ಫೋನಿನ ದಿಕ್ಸೂಚಿ ನೋಡಿ ತಮ್ಮನ್ನು ಸರಿಯಾಗಿ ಬಾಹುಬಲಿ ಸ್ವಾಮಿಯ ಕಡೆಗೆ ತಿರುಗಿಸಿದ್ದಾನೆ. ಅದರಿಂದ ತಮ್ಮ ಬೆನ್ನಿನ ಬೋಳು ರಟ್ಟು ಮಾತ್ರ ಸಂದರ್ಶಕರಿಗೆ ಕಾಣುತ್ತಿದೆಯೆಂದು ಅಧಿಕಾರಿಗಳು ನನಗೆ ಫೋನು ಮಾಡಿ ಗದರಿಸಿದರು. ಮುಖ ನೋಡಬೇಕಾದವರು ನಮ್ಮ ವೇಣೂರಿನ ಕಡೆಗೆ ಬರಲಿ ಸ್ವಾಮಿ, ನೀವು ಮೇಳ ಮಾಡುವುದೂ ಅದಕ್ಕೇ ಅಲ್ಲವಾ ಎಂದು ಹೇಳಿ ಫೋನು ಇಟ್ಟೆ.