ಒಂದನೇ ದರ್ಜೆಯ ಅಂಗಳ

ಹೆಂಡತಿ ಬೆಳಗ್ಗೆಯೇ ಅಂಗಳ ಗುಡಿಸಿ, ಬುಟ್ಟಿಯಲ್ಲಿ ತಂದ ಒಳ್ಳೆಯ ಕೆಂಪು ಮಣ್ಣನ್ನು ಹರಡಿ, ಕಾಲಿನಿಂದ ಮೆತ್ತಗೆ ಒತ್ತುತ್ತಿದ್ದಳು. ಹಲ್ಲುಜ್ಜುತ್ತ ಹೊರಬಂದ ಬಣ್ಣದಪ್ಪನ ಬ್ರಷ್ಷು ಬಾಯಲ್ಲೇ ನಿಂತಿತು.

"ಅಯ್ಯೋ, ಏನ್ ಮಾಡಿದ್ಯೇ!"

"ನಗರಸಭೆಯವ್ರು ಬರ್ತಾರೆ ಅಂದ್ರಲ್ಲ. ಅಂಗಳ ಗಲೀಜಾಗಿದ್ರೆ ಯಾರ ಮರ್ಯಾದೆ ಹೋಗೋದು?"

"ಗಲೀಜು ನೋಡೋಕೇ ಕಣೇ ಅವ್ರು ಬರೋದು!"

ಬಣ್ಣದಪ್ಪನ ಅಜ್ಜ ಅದೇ ಅಂಗಳದಲ್ಲಿ ಬಟ್ಟೆಗೆ ಬಣ್ಣ ಹಾಕಿ, ತೊಟ್ಟಿಯ ನೀರನ್ನೆಲ್ಲ ಅಲ್ಲೇ ಚೆಲ್ಲಿದ್ದ. ಮಣ್ಣು ವಿಷವಾಗಿದೆಯೆಂದು ಅಲ್ಲಿ ಏನೂ ಕಟ್ಟುವಂತಿರಲಿಲ್ಲ. ಹಿಂದಿನ ಒಂದೇ ಕೋಣೆಯಲ್ಲಿ ಅವನು, ಹೆಂಡತಿ, ಎದೆಯೆತ್ತರ ಬೆಳೆದ ಇಬ್ಬರು ಹೆಣ್ಣುಮಕ್ಕಳು, ಗರಗಸದಂತೆ ಗೊರಕೆ ಹೊಡೆಯುವ ಅತ್ತೆ. ಈಗ ನಗರಸಭೆ ಕೆಟ್ಟ ಮಣ್ಣನ್ನು ತಾನೇ ಅಗೆಸಿ, ಕಟ್ಟಲು ನೆರವನ್ನೂ ಕೊಡುವುದೆಂದು ಸಾರಿತ್ತು. ಅತಿ ಕೆಟ್ಟ ಜಾಗಕ್ಕೇ ಮೊದಲ ಪಾಳಿ ಎಂದು ಬೀದಿಯವರು ತಾವೇ ತೀರ್ಮಾನಿಸಿಕೊಂಡಿದ್ದರು. ಪಾಳಿ ಸಿಕ್ಕರೆ ಇನ್ನೊಂದು ಕೋಣೆ. ತಪ್ಪಿದರೆ ಅದೇ ಗೊರಕೆ.

ಅವನು ಸನಿಕೆ ಹಿಡಿದು ಕೆಂಪು ಮಣ್ಣು ಕೆರೆಯತೊಡಗಿದ. ಗೋಡೆಯಾಚೆಯಿಂದ ಗ್ಯಾರೇಜಿನವನು ಇಣುಕಿದ.

"ಸುಮ್ನೆ ಯಾಕಣ್ಣ ಸುಸ್ತಾಗ್ತೀರಾ? ನಮ್ದು ಅಪ್ಪನ ಕಾಲದಿಂದ ಆಯಿಲ್ ಕುಡಿದಿರೋ ನೆಲ. ಹುಲ್ಲೂ ಹುಟ್ಟಲ್ಲ."

"ಹುಲ್ಲೇನು ಮಹಾ! ನಮ್ಮಂಗಳಕ್ಕೆ ಇಲೀನೂ ಕಾಲಿಡಲ್ಲ."

"ಇಲಿ ಬಿಡ್ರೋ," ಎಂದಳು ಗ್ಯಾರೇಜಿನ ಆಚೆ ಮಗ್ಗುಲಿನ ಬ್ಯಾಟರಿ ಅಜ್ಜಿ. ಗಂಡ ಬ್ಯಾಟರಿ ಮಾಡುತ್ತಿದ್ದ ಜಾಗ ಅವಳದು. "ನಮ್ಮಲ್ಲಿ ಬಿದ್ದ ಮೊಳೆ ಮಾರನೇ ದಿನ ಕರಗೋಗಿರತ್ತೆ."

ಅಷ್ಟರಲ್ಲಿ ಮಣ್ಣು ಪರೀಕ್ಷಿಸುವ ನಗರಸಭೆಯ ಮೇಡಂ ಬಂದರು. ಮೊಣಕಾಲುದ್ದದ ಬೂಟು, ಕೈಯಲ್ಲಿ ಮಣ್ಣು ಕೊರೆಯುವ ಕೊಳವೆ, ಹೆಗಲಲ್ಲಿ ವಿಷ ಕಂಡರೆ ಸದ್ದು ಮಾಡುವ ಯಂತ್ರ. ಗ್ಯಾರೇಜಿನಲ್ಲಿ ಯಂತ್ರ ಕೆಮ್ಮಿತು. ಅಜ್ಜಿಯ ಅಂಗಳದಲ್ಲಿ ಸೀನಿತು. ಬಣ್ಣದಪ್ಪನ ಅಂಗಳದಲ್ಲಿ ಸದ್ದೇ ಇಲ್ಲ. ಕೊಳವೆಯ ತುಂಬ ಕೆಂಪು ಮಣ್ಣು.

"ಇದು ಚೆನ್ನಾಗೇ ಇದೆಯಲ್ರೀ."

"ಅದು ನಮ್ಮ ಮಣ್ಣಲ್ಲ ಮೇಡಂ! ಕೆಳಗೆ ಹೋಗಿ, ಇನ್ನೂ ಕೆಳಗೆ! ಊರಿಗೆಲ್ಲ ಕೆಟ್ಟದ್ದು ನಮ್ದೇ. ಇನ್ನು ಕೆಡೋಕೆ ಇದ್ರಲ್ಲಿ ಏನೂ ಉಳಿದಿಲ್ಲ!"

ಮೇಡಂ ಆಳಕ್ಕೆ ಕೊರೆದರು. ಕೊಳವೆ ನವಿಲಿನ ಕತ್ತಿನಂತೆ ನೀಲಿಯಾಗಿ ಮೇಲೆ ಬಂತು. ಯಂತ್ರ ತೊಟ್ಟಿಲ ಮಗುವಿನಂತೆ ಅರಚಿತು.

"ಒಂದನೇ ದರ್ಜೆ," ಎಂದರು ಮೇಡಂ. "ಅವರಿಬ್ಬರದು ಎರಡನೇದು."

ಗ್ಯಾರೇಜಿನವನ ಮುಖ ಸೋರಿದ ಟ್ಯೂಬಿನಂತಾಯಿತು. ಒಳಗಿನಿಂದ ಅತ್ತೆ ಕೂಗಿದಳು: "ಅಂತೂ ನನ್ನ ಅಳಿಯ ಒಂದ್ರಲ್ಲಾದ್ರೂ ಫಸ್ಟ್ ಕ್ಲಾಸ್ ಬಂದ!"

ಮಧ್ಯಾಹ್ನವೇ ಕೆಲಸ ಶುರುವಾಯಿತು. ಗ್ಯಾರೇಜಿನಲ್ಲಿ ಅಗೆದರು, ಅಜ್ಜಿಯ ಮನೆಯಲ್ಲೂ ಅಗೆದರು. ಬಣ್ಣದಪ್ಪ ಹಗ್ಗ ಎಳೆದು, ಇಲ್ಲಿ ಕಿಟಕಿ, ಅಲ್ಲಿ ಮಕ್ಕಳ ಮಂಚ ಎಂದು ಹೆಂಡತಿಗೆ ತೋರಿಸುತ್ತಿದ್ದ. ಲಾರಿಯೊಂದು ಹಿಮ್ಮುಖವಾಗಿ ಬಂದು, ಕಿಟಕಿಯ ಜಾಗದಲ್ಲಿ ಕರಿಮಣ್ಣಿನ ಗುಡ್ಡೆ ಸುರಿಯಿತು.

"ಮೇಡಂ! ತಗೊಂಡೋಗೋದು ಬಿಟ್ಟು ತಂದು ಸುರೀತಿದ್ದೀರಲ್ಲ!"

"ಎರಡನೇ ದರ್ಜೆ ರಿಪೇರಿ ಆಗತ್ತೆ. ಒಂದನೇ ದರ್ಜೆ ಆಗಲ್ಲ ಕಣ್ರೀ. ಅಗೆದಿದ್ದನ್ನ ಎಲ್ಲಾದ್ರೂ ಹಾಕ್ಬೇಕಲ್ಲ? ಕೆಡೋ ಭಯ ಇಲ್ಲದ ಜಾಗ ಇದೊಂದೇ. ಎಷ್ಟು ವರ್ಷ ಬೇಕಾದ್ರೂ ಇರ್ಲಿ."

ಅಷ್ಟು ಹೇಳಿ ಅವರು ಬೀದಿಯ ತುದಿಗೆ ನಡೆದರು. ಗ್ಯಾರೇಜಿನವನೂ ಅಜ್ಜಿಯೂ ತಮ್ಮ ಹೊಸ ಗೋಡೆಗಳು ಎಲ್ಲಿಗೆ ಬರಬೇಕೆಂದು ಆಗಲೇ ಜಗಳಕ್ಕಿಳಿದಿದ್ದರು. ಎರಡನೇ ಲಾರಿಯೂ ಹಿಮ್ಮುಖವಾಗಿ ಬಂತು.

"ಬಾಗಿಲಿಗೆ ಸ್ವಲ್ಪ ದಾರಿ ಬಿಟ್ಟು ಸುರೀರಪ್ಪಾ," ಎಂದ ಬಣ್ಣದಪ್ಪ.

ಲಾರಿಯ ತೊಟ್ಟಿ ನಿಧಾನಕ್ಕೆ ಮೇಲೇಳತೊಡಗಿತು.