ಬಿ.ಕಾಂ. ಪಾಸಾದ ಹೆಂಡತಿಗೊಂದು ಇಂಕ್ ಪೆನ್ನು

ನಮ್ಮ ಮನೆಯಲ್ಲಿ ಈಗ ಒಬ್ಬರು ಪದವೀಧರರಿದ್ದಾರೆ. ಅದು ನಾನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಹೇಗೂ ಗೊತ್ತಾಗುತ್ತದೆ.

ನಾನು ಹೆತ್ತೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದ ಕೂಡಲೇ ಕಥೆ, ಕವನ, ಸನ್ಮಾನ, ಶಾಲು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಬೆಳಿಗ್ಗೆ ಎಷ್ಟು ಆಳು ಬಂದರು, ಯಾವ ಕಡೆಯ ತೋಟಕ್ಕೆ ಹೋದರು, ಯಾರು ಅರ್ಧ ದಿನಕ್ಕೇ ಹೊಟ್ಟೆನೋವೆಂದು ಮನೆಗೆ ಹೋದರು ಎಂದು ಹಾಜರಿ ಪುಸ್ತಕದಲ್ಲಿ ಬರೆಯುವುದೇ ನನ್ನ ಸಾಹಿತ್ಯಸೇವೆ. ನನ್ನ ಹೆಂಡತಿ ಗಂಗಾಮಣಿಯ ಅಭಿಪ್ರಾಯದಲ್ಲಿ, ನಾನು ಮದುವೆಗೆ ಮುಂಚಿನಿಂದ ರೈಟರ್ ಆಗಿದ್ದರೂ ಇವತ್ತಿನವರೆಗೆ ಒಂದು ಸಲವೂ ರೈಟ್ ಆಗಿದ್ದಿಲ್ಲ.

ಈ ಗಂಗಾಮಣಿ ಮದುವೆಯಾಗಿ ಬಂದಾಗ ಪಿಯುಸಿ ಪಾಸು. ನಾನೂ ಪಿಯುಸಿಯೇ. (ಪಾಸು ಎಂದು ನಾನು ಹೇಳಿಲ್ಲ, ಗಮನಿಸಿ.) ಮಗಳು ಗಗನಾ ನರ್ಸಿಂಗ್ ಓದಲು ಹಾಸನದ ಹಾಸ್ಟೆಲ್ ಸೇರಿದ ಮೇಲೆ ಇವಳಿಗೆ ತಿದ್ದಲು ಮನೆಯಲ್ಲಿ ನಾನೊಬ್ಬನೇ ಉಳಿದೆ. ಒಬ್ಬನನ್ನೇ ಎಷ್ಟು ಅಂತ ತಿದ್ದುವುದು? ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದು ಬರೆದು ಅವಳಿಗೆ ಲೆಕ್ಕದ ರುಚಿ ಬೇರೆ ಹತ್ತಿತ್ತು. ಮನೆಯಲ್ಲೇ ಕೂತು ಓದಿ ಪರೀಕ್ಷೆ ಬರೆಯುವ ಬಿ.ಕಾಂ.ಗೆ ಕಟ್ಟಿದಳು. ಒಲೆಯ ಮೇಲೆ ಸಾರು, ಕೈಯಲ್ಲಿ ಪುಸ್ತಕ. ಸಾರು ಉಕ್ಕಿ ಅರ್ಧಕ್ಕಿಳಿದರೆ, "ಅದನ್ನ ಸವಕಳಿ ಅಂತಾರೆ ಕಣ್ರೀ, ಎಲ್ಲಾ ಆಸ್ತೀಲೂ ಇರ್ತೈತೆ" ಎಂದು ಬಡಿಸುತ್ತಿದ್ದಳು. ಪದವಿ ಮುಗಿಯುವವರೆಗೆ ನಾನು ಸವಕಳಿಯ ಸಾರನ್ನೇ ಉಂಡೆ.

ಕೊನೆಗೆ ಫಲಿತಾಂಶ ಫೋನಿನಲ್ಲೇ ಬಂತು. ಫಸ್ಟ್ ಕ್ಲಾಸು. ಗಂಗಾಮಣಿ ಫೋನನ್ನು ಸೆರಗಿನಲ್ಲಿ ಒರೆಸಿ ಮತ್ತೊಮ್ಮೆ ನೋಡಿದಳು, ಅಂಕ ಅಳಿಸಿಹೋಗಲಿಲ್ಲ.

"ಯಾರಿಗೂ ಹೇಳ್ಬ್ಯಾಡಿ" ಎಂದಳು. "ಸರ್ಟಿಫಿಕೇಟು ಕೈಗೆ ಬರ್ಲಿ. ಆಮೇಲೆ ಏನಾರ ಹೆಚ್ಚುಕಮ್ಮಿ ಆದ್ರೆ ಆಳುಗಳ ಲೈನ್‌ಮನೆಯೋರೆಲ್ಲ ನಗ್ತಾರೆ."

ನಾನು ಯಾರಿಗೂ ಹೇಳಲಿಲ್ಲ. ಆದರೆ ಹೇಳದೆ ಇಟ್ಟುಕೊಂಡ ಸಂತೋಷ ಬಹಳ ಕಷ್ಟದ್ದು, ಅಂಗಿಯೊಳಗೆ ಇರುವೆ ಬಿಟ್ಟುಕೊಂಡ ಹಾಗೆ. ಅವಳಿಗೆ ಏನಾದರೂ ಕೊಡಬೇಕು ಅನ್ನಿಸಿತು. ಮಗಳಿಗೆ ಗುಟ್ಟಾಗಿ ಫೋನ್ ಮಾಡಿದೆ.

"ಅಮ್ಮಂಗೆ ಒಳ್ಳೇ ಮಿಕ್ಸಿ ಕೊಡ್ಸಪ್ಪ" ಎಂದಳು ಗಗನಾ.

"ಬಿ.ಕಾಂ. ಮಾಡಿದೋಳಿಗೆ ಚಟ್ನಿ ರುಬ್ಬೋ ಯಂತ್ರ ಕೊಡೋದೇನೇ?"

"ಹಂಗಾದ್ರೆ ಇಂಕ್ ಪೆನ್ನು ಕೊಡ್ಸು. ಪರೀಕ್ಷೇಲಿ ಅಮ್ಮನ ಬಾಲ್‌ಪೆನ್ನು ಚಳೀಗೆ ಹೆಪ್ಪುಗಟ್ಟಿ, ಅಂಗೈಯಾಗೆ ಉಜ್ಜಿ ಉಜ್ಜಿ ಬರದ್ಲಂತೆ. ಎಲ್ಲಾ ನೀನು ಆಫೀಸಿಂದ ತಂದ್ಕೊಟ್ಟ ಪೆನ್ನುಗಳೇ ಅಲ್ವಾ?"

ಹೀಗೆ, ಇಂಕ್ ಪೆನ್ನು ಕೊಡಿಸುವ ಅದ್ಭುತ ಯೋಚನೆ ನನಗೇ ಹೊಳೆಯಿತು.

ಆದರೆ ಪೆನ್ನಿಗೆ ದುಡ್ಡು? ನಮ್ಮ ಮನೆಯ ಹಣಕಾಸು ಖಾತೆ ಗಂಗಾಮಣಿಯದು. ನನಗೆ ವಾರಕ್ಕೊಮ್ಮೆ ಅನುದಾನ ಬಿಡುಗಡೆಯಾಗುತ್ತದೆ, ಅದೂ ಹಿಂದಿನ ವಾರದ್ದು ಹೇಗೆ ಖರ್ಚಾಯಿತೆಂಬ ವಿಚಾರಣೆಯ ಬಳಿಕ. ಆ ಅನುದಾನದಲ್ಲಿ ಕೊರೆಯಬಹುದಾದ ಜಾಗ ಒಂದೇ: ಸಂಜೆ ಹೆತ್ತೂರಿನ ಹೋಟೆಲಿನಲ್ಲಿ ನಾನು ತಿನ್ನುವ ಆಲೂಗೆಡ್ಡೆ ಬೋಂಡ. ಬೋಂಡವನ್ನು ತ್ಯಜಿಸಿದೆ. ರಾಜ್ಯಕೋಶ ತ್ಯಜಿಸಿ ಕಾಡಿಗೆ ಹೋದವರಿಗೂ ಇಷ್ಟು ಸಂಕಟ ಆಗಿರಲಾರದು. ಹೋಟೆಲ್ ಮುಂದೆ ಹಾದುಹೋಗುವಾಗ ಮೂಗು ಹಿಡಿದುಕೊಂಡು ನಡೆಯುತ್ತಿದ್ದೆ.

ಬೋಂಡ ಬಿಟ್ಟವನಿಗೆ ಮನೆ ಸೇರುವ ಹೊತ್ತಿಗೆ ಹಸಿವು. ಬಂದವನೇ ತಂಬಿಗೆ ನೀರು ಕುಡಿದು, ತಟ್ಟೆ ಹಾಕಿಕೊಂಡು ಕೂರತೊಡಗಿದೆ. ಗಂಗಾಮಣಿ ಒಂದೆರಡು ದಿನ ಸುಮ್ಮನೆ ನೋಡಿದಳು.

"ಏನ್ರೀ, ಇಷ್ಟು ನೀರು ಕುಡೀತೀರಿ?"

"ಬಾಯಾರಿಕೆ ಕಣೇ."

"ಬೋಂಡ ತಿಂದಿಲ್ವಾ?"

"ಬುಟ್ಬುಟ್ಟೆ."

ಅವಳ ಮುಖ ಸಪ್ಪಗಾಯಿತು. ಬೋಂಡ ಬಿಟ್ಟ, ನೀರು ಕುಡಿಯುತ್ತಾನೆ, ಹಸಿವು ಅನ್ನುತ್ತಾನೆ, ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಾನೆ. ಫಸ್ಟ್ ಕ್ಲಾಸಿನ ತಲೆ ಇವೆಲ್ಲವನ್ನೂ ಕೂಡಿಸಿ ಒಂದೇ ಉತ್ತರ ತೆಗೆಯಿತು: ಗಂಡನಿಗೆ ಸಕ್ಕರೆ ಕಾಯಿಲೆ ಬಂದಿದೆ, ತನಗೆ ಹೇಳದೆ ಮುಚ್ಚಿಡುತ್ತಿದ್ದಾನೆ. ಮಾರನೇ ಬೆಳಿಗ್ಗೆ ನನ್ನ ಕಾಫಿಯ ಜಾಗದಲ್ಲಿ ಒಂದು ಲೋಟ ಹಸಿರು ರಸ ಇತ್ತು.

"ಏನಿದು?"

"ಹಾಗಲಕಾಯಿ. ಕುಡೀರಿ. ನಂಗೆಲ್ಲಾ ಗೊತ್ತೈತೆ, ನೀವೇನೂ ಹೇಳೋದು ಬ್ಯಾಡ."

ಎಲ್ಲಾ ಗೊತ್ತು ಎಂದಾಗ ಪೆನ್ನಿನ ಗುಟ್ಟೇ ಬಯಲಾಯಿತೆಂದು ನಾನು ಬೆಚ್ಚಿದೆ. ಆಮೇಲೆ ಅವಳು "ಈ ಕಾಲದಾಗೆ ಯಾರಿಗಿಲ್ಲ ಶುಗರ್ರು" ಎಂದು ಮೆಲ್ಲಗೆ ಬೆನ್ನು ಸವರಿದಾಗ ವಿಷಯ ತಿಳಿಯಿತು. ನಿಜ ಹೇಳಿದರೆ ಪೆನ್ನು ಹೋಯಿತು, ಹೇಳದಿದ್ದರೆ ಹಾಗಲಕಾಯಿ. ನಾನು ಕಣ್ಣು ಮುಚ್ಚಿ ಕುಡಿದೆ. ಮೂರು ವಾರ ದಿನವೂ ಕುಡಿದೆ. ಪ್ರೇಮಕ್ಕಾಗಿ ವಿಷ ಕುಡಿದವರ ಬಗ್ಗೆ ಕೇಳಿದ್ದೆ, ಅವರು ಒಂದೇ ಸಲ ಕುಡಿದು ಮುಗಿಸಿರುತ್ತಾರೆ.

ಒಂದು ಭಾನುವಾರ, ಮೆಣಸಿನ ರೇಟು ವಿಚಾರಿಸಿ ಬರುತ್ತೇನೆಂದು ಹೇಳಿ ಸಕಲೇಶಪುರದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ವೀರಯ್ಯನವರ ಪುಸ್ತಕದ ಅಂಗಡಿ. ಇಂಕ್ ಪೆನ್ನು ಎಂದ ಕೂಡಲೇ ವೀರಯ್ಯನವರು ಕನ್ನಡಕ ಸರಿಮಾಡಿಕೊಂಡು, ಬಹಳ ದಿನದ ಮೇಲೆ ಬಂದ ನೆಂಟನನ್ನು ನೋಡಿದಂತೆ ನನ್ನನ್ನು ನೋಡಿದರು.

"ಯಾರಿಗೆ?"

"ಪದವಿ ಆಗೈತೆ, ನಮ್ಮನೇಲಿ."

"ಮಗನಾ?"

"ಹೆಂಡ್ತಿ."

ಅವರು ಎದುರಿಗಿದ್ದ ಪೆಟ್ಟಿಗೆ ಬಿಟ್ಟು ಹಿಂದಿನ ಕಪಾಟು ತೆಗೆದರು. ಬಂಗಾರದ ಬಣ್ಣದ ಕ್ಲಿಪ್ಪಿದ್ದ ಕಪ್ಪು ಪೆನ್ನೊಂದು ಬಂತು. ಬೆಲೆ ಕೇಳಿದೆ. ಕೇಳಿ, ಅದನ್ನು ಹಸುಗೂಸನ್ನು ಮಲಗಿಸುವಂತೆ ಮೆಲ್ಲಗೆ ಕೆಳಗಿಟ್ಟೆ. ಅಷ್ಟು ದುಡ್ಡಾಗಬೇಕಾದರೆ ಮುಂದಿನ ದೀಪಾವಳಿಯವರೆಗೆ ಹಾಗಲಕಾಯಿ ಕುಡಿಯಬೇಕಿತ್ತು. ತೀರಾ ಅಗ್ಗದ್ದೊಂದು ಬಂತು. ಬರೆದರೆ ತಗಡಿನ ಮೇಲೆ ಬೆಕ್ಕು ಉಗುರು ಎಳೆದ ಸದ್ದು. ಮತ್ತೊಂದು ಚೆನ್ನಾಗಿಯೇ ಜಾರಿತು, ಆದರೆ ನಿಬ್ಬು ದಪ್ಪ. "ಗಂಗಾಮಣಿ" ಎಂದು ಬರೆದು ನೋಡಿದೆ. ಣಿ ಅಕ್ಷರದ ಹೊಟ್ಟೆಯೆಲ್ಲ ಶಾಯಿ ತುಂಬಿ ಹುರಿದ ಕಾಫಿಬೀಜದ ಹಾಗಾಯಿತು. ಅವಳ ಅಕ್ಷರ ಸಾಸಿವೆ ಕಾಳಿನಷ್ಟು ಸಣ್ಣ, ಒತ್ತಕ್ಷರ ಇನ್ನೂ ಸಣ್ಣ.

"ಸಣ್ಣ ನಿಬ್ಬೇ ಬೇಕು ಸಾರ್" ಎಂದೆ. ಅಷ್ಟು ಖಚಿತವಾಗಿ ನಾನು ಯಾವ ಅಂಗಡಿಯಲ್ಲೂ ಮಾತಾಡಿದ್ದು ನೆನಪಿಲ್ಲ.

ಕೊನೆಗೆ ಕಡು ಹಸಿರು ಬಣ್ಣದ, ಸಣ್ಣ ನಿಬ್ಬಿನ ಪೆನ್ನು ಸಿಕ್ಕಿತು. ಬರೆದರೆ ಅಕ್ಷರಗಳು ದುಂಡಗೆ ಕಣ್ಣುಬಿಟ್ಟು ನೋಡಿದವು. ನನ್ನಲ್ಲಿದ್ದ ದುಡ್ಡಿಗೆ ಪೆನ್ನು ಮತ್ತು ಇಂಕು ಬರುತ್ತಿತ್ತು, ಇಲ್ಲವೇ ಪೆನ್ನು ಮತ್ತು ಮಖಮಲ್ಲಿನ ಡಬ್ಬಿ. ಇಂಕೇ ಇರಲಿ ಎಂದೆ. ವೀರಯ್ಯನವರು ತಾವೇ ಇಂಕು ತುಂಬಿಸಿ, "ಮುಚ್ಚಳ ಮ್ಯಾಲಿರಂಗೆ ಇಟ್ಕಳಿ, ಅಲ್ಲಾಡಿಸ್ಬ್ಯಾಡಿ" ಎಂದು ಎಚ್ಚರಿಸಿ ಕೊಟ್ಟರು.

ನಾನು ಅಲ್ಲಾಡಿಸಲಿಲ್ಲ. ಹೆತ್ತೂರಿನ ರಸ್ತೆ ಅಲ್ಲಾಡಿಸಿತು. ಬಸ್ಸು ಒಂದು ಗುಂಡಿಯಿಂದ ಎದ್ದು ಮತ್ತೊಂದಕ್ಕೆ ಬೀಳುವಷ್ಟರಲ್ಲಿ ಎದೆಯ ಹತ್ತಿರ ತಣ್ಣಗಾಯಿತು. ನೋಡಿದರೆ ಬಿಳಿ ಅಂಗಿಯ ಜೇಬಿನ ಸುತ್ತ ಕೆರೆಯಷ್ಟು ನೀಲಿ. ಮುಚ್ಚಳ ತಿರುಗಿಸಿ ಬಿಗಿ ಮಾಡಲು ಹೋಗಿ ಐದು ಬೆರಳೂ ನೀಲಿಯಾದವು. ಉಜ್ಜಿದಷ್ಟೂ ಹರಡಿತು. ಕೊನೆಗೆ ಕಲೆ ಕಾಣದಂತೆ ಅಂಗೈಯಿಂದ ಎದೆ ಒತ್ತಿ ಹಿಡಿದುಕೊಂಡು ಇಳಿದೆ. ಹಿಂದಿನ ಬಾಗಿಲಿಂದ ಒಳಗೆ ಹೋಗಿ ಅಂಗಿ ಬದಲಾಯಿಸುವುದು ನನ್ನ ಯೋಜನೆ.

ಗಂಗಾಮಣಿ ಹಿಂದಿನ ಬಾಗಿಲಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಏರು ಹತ್ತಿ ಬಂದ ನಾನು ಬೆವೆತಿದ್ದೆ, ಏದುಸಿರು ಬಿಡುತ್ತಿದ್ದೆ, ಎದೆ ಒತ್ತಿ ಹಿಡಿದಿದ್ದೆ. ಅವಳ ಕೈಯಿಂದ ಪಾತ್ರೆ ಜಾರಿತು.

"ರೀ, ಎದೆ ನೋಯ್ತೈತಾ?"

"ಏನೂ ಇಲ್ಲ ಕಣೇ, ಇದು ಬ್ಯಾರೆ..."

"ಮಾತಾಡ್ಬ್ಯಾಡಿ. ಉಸ್ರು ಉಳಿಸ್ಕಳಿ."

ನನ್ನನ್ನು ಎಳೆದು ಮಂಚದ ಮೇಲೆ ಬೀಳಿಸಿ ಮಗಳಿಗೆ ಫೋನ್ ಮಾಡಿದಳು. ಫೋನನ್ನು ಜೋರಾಗಿ ಕೇಳುವಂತೆ ಇಟ್ಟಿದ್ದಳು.

"ಅಮ್ಮ, ಗಾಬ್ರಿ ಆಗ್ಬ್ಯಾಡ" ಎಂದಳು ಗಗನಾ, ತಾನು ಪೂರ್ತಿ ಗಾಬರಿಯಾಗಿ. "ಅಪ್ಪನ ಬೆರಳು ನೋಡು. ಉಗುರು ನೀಲಿ ಆಗೈತಾ?"

ಗಂಗಾಮಣಿ ನನ್ನ ಕೈ ಎತ್ತಿ ನೋಡಿದಳು.

"ಉಗುರಷ್ಟೇ ಅಲ್ಲ ಕಣೇ, ಇಡೀ ಕೈಯೇ ನೀಲಿ ಆಗ್ಬುಟ್ಟೈತೆ" ಎಂದವಳೇ ಫೋನ್ ಇಟ್ಟು, ಎಸ್ಟೇಟಿನ ಸಾಹುಕಾರರಾದ ಕರಿಯಪ್ಪನವರಿಗೆ ಜೀಪು ತರುವಂತೆ ಕರೆಮಾಡಿದಳು. ನಾನು ಏಳಲು ನೋಡಿದರೆ ಎದೆಯ ಮೇಲೆ ಮೊಣಕೈ ಊರಿ ಮಲಗಿಸುತ್ತಿದ್ದಳು. ಆಗ ಅವಳ ಕಣ್ಣಲ್ಲಿ ನೀರಿತ್ತು. "ಆ ಬೋಂಡ ತಿನ್ಕಂಡೇ ಇರ್ಬೇಕಿತ್ತು ನೀವು, ನಾನೇನೂ ಅಂತಿರ್ಲಿಲ್ಲ" ಎಂದಳು. ಅದನ್ನು ಕೇಳಿ ನಾನು ಮುಖ ಗೋಡೆಯ ಕಡೆ ತಿರುಗಿಸಿದೆ. ಅದನ್ನೂ ಅವಳು ರೋಗಲಕ್ಷಣದ ಲೆಕ್ಕಕ್ಕೇ ಸೇರಿಸಿಕೊಂಡಳು.

ಕರಿಯಪ್ಪನವರು ಚಪ್ಪಲಿ ಸಮೇತ ಒಳಗೆ ಬಂದರು. "ಏನಾಯ್ತೋ ಮಾರಾಯ?" ಎಂದು ನನ್ನನ್ನು ಎತ್ತಲು ಬಗ್ಗಿದವರು ಅಂಗಿ ನೋಡಿ ನಿಂತುಬಿಟ್ಟರು. "ಇದೇನಮ್ಮ ಗಂಗಾಮಣಿ, ನಿನ್ ಗಂಡಂಗೆ ಇಂಕು ಹರೀತೈತಲ್ಲ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅವಳ ಕಡೆ ಚಾಚಿದೆ. ಕೊಡುವಾಗ ಹೇಳಬೇಕೆಂದು ಬಸ್ಸಿನಲ್ಲಿ ಒಂದು ದೊಡ್ಡ ಭಾಷಣ ಕಟ್ಟಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಬಿ.ಕಾಂ.ಗೆ. ಡಬ್ಬಿಗೆ ದುಡ್ಡು ಸಾಲ್ಲಿಲ್ಲ."

ಗಂಗಾಮಣಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಪೆನ್ನನ್ನು ಸೆರಗಿನಿಂದ ಒರೆಸಿದಳು. ಸೆರಗು ನೀಲಿಯಾದದ್ದನ್ನು ನೋಡಲೇ ಇಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಕಿತ್ತು, ಅದರ ಹಿಂದೆ "ಗಂಗಾಮಣಿ, ಬಿ.ಕಾಂ." ಎಂದು ಬರೆದಳು. ಬರೆದು ಅದನ್ನೇ ನೋಡುತ್ತಾ ಕುಳಿತಳು. ಆಮೇಲೆ, "ಹಂಗಾದ್ರೆ ಶುಗರ್ರು?" ಎಂದಳು.

"ಇಲ್ಲ."

"ಮತ್ತೆ ಅಷ್ಟು ದಿನ ಹಾಗಲಕಾಯಿ ಯಾಕ್ರೀ ಕುಡಿದ್ರಿ?"

"ನೀನು ಕೊಟ್ಟೆ, ಕುಡ್ದೆ."

ಅವಳು ನಗಲು ಶುರುಮಾಡಿದಳು, ನಡುವೆ ಸ್ವಲ್ಪ ಅತ್ತಳು, ಮತ್ತೆ ನಕ್ಕಳು, ಮಗಳಿಗೆ ಫೋನ್ ಮಾಡಿ "ಬರೀ ಇಂಕು ಕಣೇ" ಎಂದಳು. ಬಾಗಿಲಲ್ಲಿ ನಿಂತಿದ್ದ ಕರಿಯಪ್ಪನವರು ಮಾತ್ರ ಕ್ಯಾಲೆಂಡರ್ ಹಾಳೆಯಿಂದ ಕಣ್ಣು ಕಿತ್ತಿರಲಿಲ್ಲ.

"ಯಾರಮ್ಮ ಬಿ.ಕಾಂ.? ನೀನಾ?"

"ಹೂಂ ಸಾರ್. ಫಸ್ಟ್ ಕ್ಲಾಸು."

"ಏನ್ ರೈಟರೇ, ಒಂದು ಮಾತು ಹೇಳಬಾರ್ದಾ? ಆಫೀಸಿನ ಲೆಕ್ಕ ನೋಡೋರಿಲ್ದೆ ಆರು ತಿಂಗಳಿಂದ ಪೇಟೆಯೆಲ್ಲ ಹುಡುಕ್ತಾ ಇವ್ನಿ" ಎಂದರು. ಆಮೇಲೆ ಅವಳ ಕಡೆ ತಿರುಗಿ, "ಬರ್ತೀಯೇನಮ್ಮ?" ಎಂದು ಕೇಳಿದರು.

ನಾನು ಅವಳ ಪರವಾಗಿ ತಕ್ಷಣ ಹೂಂ ಎನ್ನಲು ಬಾಯಿ ತೆರೆದೆ. ಗಂಗಾಮಣಿ ಕೈಯಲ್ಲೇ ತಡೆದು, "ಸಂಬಳ ಎಷ್ಟು ಸಾರ್?" ಎಂದಳು. ಅವರು ಹೇಳಿದರು. ಆ ಸಂಖ್ಯೆ ಕೇಳಿದ ಮೇಲೆ ನನಗೆ ಎದೆಯಲ್ಲಿ ನಿಜವಾಗಿಯೂ ಏನೋ ಒಂದು ಥರ ಆಯಿತು. ನನ್ನದಕ್ಕಿಂತ ಹೆಚ್ಚಿತ್ತು.

ಮರುವಾರ ಸೋಮವಾರ ಅವಳು ಕೆಲಸಕ್ಕೆ ಸೇರಿದಳು. ಲೈನಿನ ಹೆಂಗಸರೆಲ್ಲ ಆಫೀಸಿನ ಕಿಟಕಿಯಲ್ಲಿ ಇಣುಕಿ ನೋಡಿ ಹೋದರು, ಯಾರೂ ನಗಲಿಲ್ಲ. ಹಾಜರಿ ಪುಸ್ತಕಕ್ಕೆ ಇನ್ನು ಮುಂದೆ ಲೆಕ್ಕದವರ ಸಹಿ ಬೇಕೆಂದು ಸಾಹುಕಾರರ ಅಪ್ಪಣೆಯಾಗಿತ್ತು. ನಾನು ಪುಸ್ತಕ ಹಿಡಿದು ಅವಳ ಮೇಜಿನ ಮುಂದೆ ನಿಂತೆ. ಅವಳು ಹಸಿರು ಪೆನ್ನಿನ ಮುಚ್ಚಳ ತೆಗೆದಳು. ನಾನು ಹೆಮ್ಮೆಯಿಂದ ಬೀಗಿದೆ. ಅವಳು ಸಾಲುಗಳ ಮೇಲೆ ಕಣ್ಣಾಡಿಸಿ ಮುಚ್ಚಳ ಮತ್ತೆ ಹಾಕಿದಳು.

"ರೈಟರೇ" ಎಂದಳು, ನನ್ನ ಹೆಂಡತಿ. "ಕೂಡಿದ್ದು ತಪ್ಪೈತೆ. ಸರಿಮಾಡ್ಕಂಡು ಬನ್ನಿ."

"ಸಹಿ ಹಾಕ್ಬುಡೇ, ಆಮೇಲೆ ನೋಡ್ಕಳಣ" ಎಂದು ಮೆಲ್ಲಗೆ ಹೇಳಿದೆ.

"ಆಫೀಸಿನಾಗೆ ಹಂಗೆಲ್ಲ ಹೋಗೇ ಬಾರೇ ಅನ್ಬ್ಯಾಡಿ. ಮತ್ತೆ ನೋಡಿ, ನಂಗೆ ಇವತ್ತು ಬ್ಯಾಂಕಿನ ಕೆಲ್ಸ ಐತೆ, ಬರೋದು ತಡ ಆಯ್ತದೆ. ಮಧ್ಯಾಹ್ನ ನೀವೇ ಮುಂದಾಗಿ ಹೋಗಿ ಅನ್ನಕ್ಕಿಡಿ."

ಹೋಗಿ ಇಟ್ಟೆ. ಅಕ್ಕಿಗೆ ನೀರು ಹೆಚ್ಚಾಗಿ ಅನ್ನ ಗಂಜಿಯಾಯಿತು. ಅವಳು ಅದನ್ನೇ ಎರಡು ಸಲ ಬಡಿಸಿಕೊಂಡು ಉಂಡಳು. ಸಹಿ ಮಾತ್ರ ಸಂಜೆ ಕೂಡಿಕೆ ಸರಿಯಾದ ಮೇಲೇ ಸಿಕ್ಕಿತು.